ಪಾರ್ಸೆಲ್‌ನಲ್ಲಿ ಬಂದ ತಂಗಿ

ಗುರುಪಿತರು ಊಟ ಮಾಡುತ್ತಿದ್ದರು. ಮೂವತ್ತು ನಲವತ್ತು ಜನ ಮಂಡಿಯೂರಿ ಕೂತು ಅದನ್ನೇ ನೋಡುತ್ತಿದ್ದರು.

ಸುಟ್ಟ ಹಾವುಮೀನು. ಕೆಳಗೆ ಬಿಸಿ ಅನ್ನ, ಮೇಲೆ ಕಂದು ಬಣ್ಣದ ಸಿಹಿ ಗೊಜ್ಜು. ಗುರುಪಿತರು ಒಂದೊಂದು ತುತ್ತನ್ನೂ ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ಕಣ್ಣು ಮುಚ್ಚಿ, ಗುಳಕ್ ಅಂತ ಸದ್ದು ಮಾಡಿ ಇಳಿಸುತ್ತಿದ್ದರು. ಅವರು ನುಂಗಿದಾಗಲೆಲ್ಲ ಮುಂದಿನ ಸಾಲಿನವರೂ ಖಾಲಿ ಬಾಯಲ್ಲಿ ನುಂಗುತ್ತಿದ್ದರು.

ಊಟ ಆದ ಮೇಲೆ ದರ್ಶನ ಅಂತ ತೊಮೊಯೆಗೆ ಬಾಗಿಲಲ್ಲಿ ಹೇಳಿದ್ದರು. ಹಿಂದಿನ ಸಾಲಲ್ಲಿ ಕಾಲು ಜೋಮು ಹಿಡಿಸಿಕೊಂಡು ಕೂತ ಮೇಲೆ, ಊಟವೇ ದರ್ಶನ ಅಂತ ಅವಳಿಗೆ ಅರ್ಥವಾಯಿತು.

ಅಷ್ಟರಲ್ಲಿ ಗುರುಪಿತರು ಅರ್ಧ ಕಚ್ಚಿದ ಒಂದು ಹಾವುಮೀನಿನ ತುಂಡನ್ನು ಊಟದ ಜೋಡಿ ಕಡ್ಡಿಯಲ್ಲಿ ಎತ್ತಿ ಹಿಡಿದರು. ಮುಂದಿನ ಸಾಲಿನ ಒಬ್ಬ ಮುದುಕಿ ತನ್ನ ಕಡ್ಡಿ ಚಾಚಿದಳು. ತುಂಡು ಈ ಕಡ್ಡಿಯಿಂದ ಆ ಕಡ್ಡಿಗೆ ದಾಟಿತು. ಮುದುಕಿಯ ಕಣ್ಣಲ್ಲಿ ನೀರು.

ತೊಮೊಯೆ ಮುಖ ಆ ಕಡೆ ತಿರುಗಿಸಿದಳು. ಜಪಾನಿನಲ್ಲಿ ಕಡ್ಡಿಯಿಂದ ಕಡ್ಡಿಗೆ ದಾಟಿಸುವುದು ಹೆಣ ಸುಟ್ಟ ಮೇಲೆ ಮೂಳೆ ಆರಿಸುವಾಗ ಮಾತ್ರ. ಊಟದ ಹೊತ್ತಲ್ಲಿ ಹಾಗೆ ಮಾಡಿದರೆ ಯಾವ ಮನೆಯಲ್ಲೂ ಅಜ್ಜಿ ಕೈಮೇಲೆ ಫಟ್ ಅಂತ ಕೊಡುತ್ತಾಳೆ. ಇಲ್ಲಿ ಅಜ್ಜಿಯೇ ಕಡ್ಡಿ ಚಾಚಿದ್ದಳು.

ಈ ಗುರುಪಿತರ ಹೆಸರು ಹಿರುಕಾವ ತೆನ್ಮೇಯ್. 'ಬಿಳಿ ಮಡಿಲು' ಸಂಘ ಕಟ್ಟುವ ಮೊದಲು ಟೋಕಿಯೊ ಪಕ್ಕದ ಸೈತಾಮಾದಲ್ಲಿ ಮಸಾಜ್ ಕುರ್ಚಿ ಮಾರುತ್ತಿದ್ದರು. ಒಂದು ದಿನ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದಾಗ ಬೆನ್ನಹುರಿಯಲ್ಲಿ ಏನೋ ಹತ್ತಿದಂತಾಗಿ ಜ್ಞಾನೋದಯವಾಯಿತಂತೆ. ಆ ಕುರ್ಚಿ ಈಗ ಇದೇ ಸಭಾಂಗಣದ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಕರೆಂಟಿನ ತಂತಿಯನ್ನು ಸಿಕ್ಕಿಸಿಯೇ ಇಟ್ಟಿದ್ದಾರೆ. ಮತ್ತೆ ಯಾವಾಗ ಜ್ಞಾನ ಬೇಕಾಗುತ್ತದೋ ಯಾರಿಗೆ ಗೊತ್ತು.

ಕಟ್ಟಡ ಮುಂಚೆ ಪಚಿಂಕೊ ಜೂಜಿನ ಅಂಗಡಿಯಾಗಿತ್ತು. ವಾಕಾಯಾಮಾದ ಸಮುದ್ರದ ದಂಡೆ, ಮುಂದೆ ದೊಡ್ಡ ಪಾರ್ಕಿಂಗ್. ಜೂಜಿನಲ್ಲಿ ಸೋತವರು ಕೂರುತ್ತಿದ್ದ ಜಾಗದಲ್ಲೇ ಈಗ ಇವರು ಕೂರುತ್ತಾರೆ. ಗೋಡೆಯ ಕಪಾಟಿನಲ್ಲಿ ಸಾಲು ಸಾಲು ಬಾಟಲಿ, ಒಳಗೆ ಗುರುಪಿತರ ಉಸಿರು. ಕಾಯಿಲೆ ಬಂದಾಗ ಮುಚ್ಚಳ ತೆಗೆದು ಮೂಸಬೇಕು. ಬೆಳ್ಳುಳ್ಳಿ ತಿಂದ ದಿನದ ಉಸಿರಿಗೆ ಶಕ್ತಿ ಜಾಸ್ತಿ ಅಂತ ಕೆಂಪು ಮುಚ್ಚಳ ಹಾಕಿದ್ದರು.

ತೊಮೊಯೆ ಇಲ್ಲಿಗೆ ಬಂದದ್ದು ಒಬ್ಬ ತಂಗಿಗಾಗಿ. ಒಸಾಕಾದಲ್ಲಿ ಬಟ್ಟೆ ಒಗೆಯುವ ಮಷಿನ್‌ಗಳ ಅಂಗಡಿ ಇಟ್ಟಿದ್ದ ನೀಮಿ ತಾಕುಜಿ ಅನ್ನುವವನ ತಂಗಿ ಚಿಜು, ನಾಲ್ಕು ವರ್ಷದ ಹಿಂದೆ ಈ ಸಂಘ ಸೇರಿ ಮರೆಯಾಗಿದ್ದಳು. ಹುಡುಕಿಕೊಡಿ ಅಂತ ಅವನು ಪತ್ತೇದಾರಿ ತೊಮೊಯೆಯ ಹತ್ತಿರ ಬಂದ ವಾರಕ್ಕೇ ಸಂಘದಿಂದ ಅವನಿಗೆ ಅಂಚೆಯಲ್ಲಿ ಒಂದು ಪಾರ್ಸೆಲ್ ಬಂತು. ಒಳಗೆ ತಂಗಿ.

ಅಂದರೆ ಒಂದು ಬಿಳಿ ಪಿಂಗಾಣಿ ಜಾಡಿ, ಜಾಡಿಯಲ್ಲಿ ಮೂಳೆ, ಜೊತೆಗೆ ಎರಡು ಸಾಲು: ಚಿಜು ಕಾಯಿಲೆಯಿಂದ ತೀರಿಕೊಂಡಳು, ಇಲ್ಲೇ ಸುಟ್ಟೆವು, ಶಾಂತಿಯಿಂದಿರಿ.

ಆ ಜಾಡಿಯನ್ನು ಅವನು ಮನೆಯಲ್ಲಿ ಕೆಲವು ದಿನ ಇಟ್ಟುಕೊಂಡು ಆಮೇಲೆ ತೊಮೊಯೆಯ ಆಫೀಸಿಗೆ ತಂದಿದ್ದ. ಕೆಳಗಿನ ಅಂಗಡಿಯಲ್ಲಿ ಆಕ್ಟೋಪಸ್ ಉಂಡೆ ಕರಿಯುವ ವಾಸನೆ, ಮೇಲೆ ಮೇಜಿನ ಮೇಲೆ ತಂಗಿ. ತೊಮೊಯೆ ಮುಚ್ಚಳ ತೆಗೆದಳು. ಜಾಡಿ ಕಂಠದವರೆಗೂ ತುಂಬಿತ್ತು. ಎಲ್ಲಕ್ಕಿಂತ ಮೇಲೆ 'ಗಂಟಲ ಬುದ್ಧ' ಕೂತಿದ್ದ. ಅದು ಕತ್ತಿನ ಒಂದು ಸಣ್ಣ ಮೂಳೆ. ಯಾರೋ ಧ್ಯಾನಕ್ಕೆ ಕೂತ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಎಂಥ ಕಳ್ಳನಿಗೂ ಸುಟ್ಟ ಮೇಲೆ ಒಬ್ಬ ಬುದ್ಧ ಸಿಗುತ್ತಾನೆ, ಒಬ್ಬನೇ.

ಬುದ್ಧನ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಲೋಹದ ಗುಂಡು. ಸೊಂಟ ಮುರಿದವರಿಗೆ ಹಾಕುವಂಥದ್ದು.

"ತಂಗಿಗೆ ಸೊಂಟದ ಆಪರೇಷನ್ ಆಗಿತ್ತಾ?" ಅಂತ ಕೇಳಿದ್ದಳು.

ತಾಕುಜಿ ಗುಂಡನ್ನು ನೋಡಿದ. ಅವಳ ಕೈಯಿಂದ ಮುಚ್ಚಳ ಕಿತ್ತುಕೊಂಡು ಟಪ್ ಅಂತ ಮುಚ್ಚಿದ. "ಆಗಿದ್ದಿರಬಹುದು," ಅಂದ. ದುಃಖ ಅಂದುಕೊಂಡಳು ತೊಮೊಯೆ. ಆಮೇಲೆ ಅವನು ಜೇಬಿನಿಂದ ಅಂಗಡಿಯ ಅನ್ನದುಂಡೆ ತೆಗೆದು, ಪ್ಲಾಸ್ಟಿಕ್ ಸುಲಿದು, ತಂಗಿಯ ಪಕ್ಕದಲ್ಲೇ ತಿಂದ. "ಹೆಂಡತಿ ಸುಮಿಯೆ ಎಲೆ ಉದುರೋ ಕಾಲದಲ್ಲೇ ತವರಿಗೆ ಹೋದಳು, ನಂಗೆ ಅಡುಗೆ ಬರಲ್ಲ," ಅಂದ.

ತೊಮೊಯೆ ಮಾತ್ರ ಜಾಡಿಯನ್ನೇ ನೋಡುತ್ತಿದ್ದಳು. ಅವಳು ಒಸಾಕಾದಲ್ಲೇ ಇಬ್ಬರು ಗಂಡಂದಿರ ಮೂಳೆ ಆರಿಸಿದವಳು. ಮೊದಲನೆಯವನು ಬದುಕಿದ್ದಾಗ ಬಾಗಿಲಲ್ಲಿ ಓರೆಯಾಗಿ ಬರಬೇಕಿತ್ತು. ಸತ್ತ ಮೇಲೆ ಟೀಪುಡಿ ಡಬ್ಬಿಯಷ್ಟು ಜಾಡಿಯಲ್ಲಿ ಕೂತ. ಫೋಟೊದಲ್ಲಿ ಕಂಡ ಈ ಸಣಕಲು ಹುಡುಗಿಗೆ ಇಷ್ಟು ದೊಡ್ಡ ಜಾಡಿ ಯಾಕೆ?

ಅದನ್ನು ಕೇಳೋಣ ಅಂತಲೇ ಇವತ್ತು ಬಂದಿದ್ದಳು. ತಾಕುಜಿ ಜಾಡಿ ಸಮೇತ ಹೊರಗೆ ಅವಳ ಕಾರಿನಲ್ಲಿ ಕೂತಿದ್ದ. "ನಾನು ಒಳಗೆ ಬರಲ್ಲ ಅಮ್ಮಾವ್ರೇ. ಆ ಮನುಷ್ಯನ ಮುಖ ನೋಡಿದ್ರೆ ಕೈ ಮಾಡಿಬಿಡ್ತೀನಿ," ಅಂದಿದ್ದ.

"ಹಿಂದೆ ಕೂತಿರೋ ತಾಯಿ," ಗುರುಪಿತರು ಕರೆದರು. "ಹೊಸಬರು. ಮುಂದೆ ಬನ್ನಿ."

ತೊಮೊಯೆ ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಹೋಗಿ ಎದುರಿಗೆ ಕೂತಳು. ಗುರುಪಿತರು ಒಂದು ತುಂಡು ಎತ್ತಿದರು. ಅದರ ತುದಿಯಲ್ಲಿ ಹಲ್ಲಿನ ಗುರುತು.

"ನಂಗೆ ಹಾವುಮೀನು ಆಗಲ್ಲ ಗುರುಪಿತರೇ. ಮೈಮೇಲೆ ಗಂಧೆ ಏಳುತ್ತೆ."

"ಗಂಧೆಗೂ ಉಸಿರಿದೆ ನಮ್ಮಲ್ಲಿ."

"ಕೆಂಪು ಮುಚ್ಚಳದ್ದಾ?"

ಗುರುಪಿತರು ಆ ತುಂಡನ್ನು ತಾವೇ ಬಾಯಿಗೆ ಹಾಕಿಕೊಂಡರು. "ಏನು ಬೇಕಿತ್ತು ತಾಯಿ?"

"ನೀಮಿ ಚಿಜು ಮನೆಯವರ ಪರವಾಗಿ ಬಂದಿದ್ದೀನಿ. ಮೂಳೆ ತಲುಪಿತು. ಕೊನೇಲಿ ಹೇಗಾಯ್ತು ಅಂತ ಅವಳಣ್ಣ ಕೇಳ್ತಿದ್ದಾರೆ. ಪಾಪ, ಇರಲಿಲ್ಲವಲ್ಲ ಅವರು."

ಗುರುಪಿತರ ಮುಖ ಮೃದುವಾಯಿತು. ಸಾವಿನ ಮನೆಯವರನ್ನು ಮಾತಾಡಿಸುವುದು ಅವರ ಕಸುಬು. ಊರಲ್ಲಿ ಯಾರೇ ಸತ್ತರೂ ಹೂವಿಗಿಂತ ಮುಂಚೆ ಇವರ ಜನ ಬಾಗಿಲಲ್ಲಿ ನಿಂತಿರುತ್ತಾರೆ.

"ನಾನೇ ಆರಿಸಿದೆ ತಾಯಿ. ಇಲ್ಲೇ, ಈ ಊರಿನ ಚಿತಾಗಾರದಲ್ಲಿ. ಇವರೆಲ್ಲ ಪ್ರಾರ್ಥನೇಲಿದ್ರು, ನಾನೊಬ್ಬನೇ ಹೋಗಿದ್ದೆ. ಪಾದದಿಂದ ಶುರು ಮಾಡಿ ನೆತ್ತಿವರೆಗೆ. ಒಂದು ಚೂರೂ ಬಿಡಲಿಲ್ಲ."

"ಒಂದು ಚೂರೂ?"

"ಒಂದೂ. ಕೊನೆಗೆ ಅಲ್ಲಿನ ಕೆಲಸದವನು ಪುಟ್ಟ ಪೊರಕೆ ತಗೊಂಡು ಟ್ರೇಯಲ್ಲಿದ್ದ ಬೂದೀನೂ ಗುಡಿಸಿ ಜಾಡಿಗೆ ತುಂಬಿದ. ಎಷ್ಟು ಭಕ್ತಿಯಿಂದ ಅಂತೀರಿ!"

ಮುಂದಿನ ಸಾಲಿನ ಮುದುಕಿ ಹಾವುಮೀನು ಅಗಿಯುವುದು ನಿಲ್ಲಿಸಿದಳು.

"ಪೊರಕೇನಾ?" ಅಂದಳು.

"ಪುಟ್ಟದು," ಅಂದರು ಗುರುಪಿತರು.

"ನಮ್ಮ ಕಡೆ ಪೊರಕೆ ಹಾಕಲ್ವಲ್ಲಾ..." ಮುದುಕಿ ಪಕ್ಕದವಳ ಕಡೆ ತಿರುಗಿದಳು. "ಅಲ್ವೇನೇ? ನಮ್ಮವರದ್ದು ಆರಿಸಿದಾಗ ಒಂದಿಷ್ಟು ತಗೊಂಡು ಮಿಕ್ಕಿದ್ದು ಅಲ್ಲೇ ಬಿಟ್ವಲ್ಲ? ಪೂರ್ತಿ ಕೊಡ್ತಾರೇನೇ ಎಲ್ಲಾದರೂ?"

"ಇಲ್ಲಪ್ಪ. ಬೊಗಸೆಯಷ್ಟು. ಜಾಡೀನೂ ಅಷ್ಟೇ ಇರುತ್ತೆ."

"ಟೋಕಿಯೊ ಕಡೆ ಪೂರ್ತಿ ಕೊಡ್ತಾರಂತೆ. ನಮ್ಮ ಸೊಸೆ ಹೇಳ್ತಿದ್ಲು. ಪೊರಕೇನೂ ಇರುತ್ತಂತೆ."

ತೊಮೊಯೆ ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಸಾಲಿನಲ್ಲಿ ಗುಸುಗುಸು ಹಬ್ಬಿತು. ಅಲ್ಲಿದ್ದವರೆಲ್ಲ ಈ ಸೀಮೆಯವರು, ಎಲ್ಲರೂ ಯಾರನ್ನೋ ಆರಿಸಿದವರು. ಉಸಿರನ್ನು ಬಾಟಲಿಯಲ್ಲಿ ತುಂಬಬಹುದು ಅಂದಾಗ ನಂಬಿದ್ದರು. ಕುರ್ಚಿಯಲ್ಲಿ ಜ್ಞಾನ ಹತ್ತಿತು ಅಂದಾಗಲೂ ನಂಬಿದ್ದರು. ಪೊರಕೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಎಲ್ಲರೂ ಹೋಗಿ," ಅಂದರು ಗುರುಪಿತರು, ನಗು ಬಿಡದೆ. "ಹೋಗಿ ಉಸಿರು ತಗೊಳ್ಳಿ."

ಜನ ಎದ್ದರು. ಮುದುಕಿ ಮಿಕ್ಕ ಎಂಜಲನ್ನು ಕಾಗದದಲ್ಲಿ ಮಡಿಸಿ ಬಟ್ಟೆಯ ತೋಳಿನೊಳಗೆ ಸೇರಿಸಿಕೊಂಡೇ ಹೋದಳು.

ಬಾಗಿಲು ಮುಚ್ಚಿತು. ತೊಮೊಯೆ ಕಾಲು ಚಾಚಿ ಕೂತಳು.

"ನೀವು ಸೈತಾಮಾದವರು, ಅಲ್ಲಿ ನಿಮ್ಮವರನ್ನ ಪೂರ್ತಿ ಆರಿಸಿರ್ತೀರಿ. ಹಾಗೇ ಇಲ್ಲೂ ಅಂದ್ಕೊಂಡ್ರಿ. ನೀವು ಈ ಊರಿನ ಚಿತಾಗಾರದ ಬಾಗಿಲೇ ನೋಡಿಲ್ಲ. ಆ ಜಾಡೀಲಿರೋದು ಪೂರ್ವದಲ್ಲಿ, ಟೋಕಿಯೊ ಕಡೆ ಸುಟ್ಟ ಯಾರೋ. ಹಾಗಾದ್ರೆ ಚಿಜು ಎಲ್ಲಿ?"

ಗುರುಪಿತರು ನಾಲಿಗೆಯಿಂದ ಹಲ್ಲಿನ ಸಂದಿಯನ್ನು ಹುಡುಕಿದರು. ಏನೋ ಸಿಕ್ಕಿತು. ತೆಗೆದು ನೋಡಿದರು. ಮತ್ತೆ ಬಾಯಿಗೆ ಹಾಕಿಕೊಂಡರು.

"ತಾಯಿ, ಬದುಕಿದ್ದಾಳೆ ಅಂದ್ರೆ ಮನೆಯವರು ವಕೀಲರನ್ನ ಕರ್ಕೊಂಡು ಬರ್ತಾರೆ. ಪತ್ತೇದಾರರನ್ನ ಕಳಿಸ್ತಾರೆ. ಸತ್ತಳು ಅಂದ್ರೆ ಅತ್ತು ಸುಮ್ಮನಾಗ್ತಾರೆ. ಇಬ್ಬರಿಗೂ ನೆಮ್ಮದಿ. ಇದು ಕರುಣೆ."

"ಕರುಣೆಗೆ ಮೂಳೆ ಎಲ್ಲಿಂದ ತರ್ತೀರಿ?"

"ಅವೇ ಬರ್ತವೆ. ಅಂಚೆಯಲ್ಲಿ." ಗುರುಪಿತರು ಕಪಾಟಿನ ಹಿಂದಿನ ಬಾಗಿಲಿನತ್ತ ಕಡ್ಡಿ ತೋರಿಸಿದರು. ಮುಂಚೆ ಪಚಿಂಕೊ ಬಹುಮಾನಗಳನ್ನು ಇಡುತ್ತಿದ್ದ ಕೋಣೆ. "ಸಮಾಧಿಗೆ ಜಾಗ ಇಲ್ಲ, ನೋಡ್ಕೊಳ್ಳೋಕೆ ಮಕ್ಕಳಿಲ್ಲ. ಚಪ್ಪಲಿ ಗೂಡಿನ ಮೇಲೆ ಅಪ್ಪನ್ನ ಎಷ್ಟು ವರ್ಷ ಅಂತ ಇಟ್ಕೊಳ್ಳೋದು? ಪೆಟ್ಟಿಗೆಗೆ ಹಾಕಿ ಕಳಿಸಿ ಅಂತ ನಾವು ಜಾಹೀರಾತು ಕೊಡ್ತೀವಿ. ಕಳಿಸ್ತಾರೆ. 'ಒಡೆಯುವ ವಸ್ತು, ಜೋಪಾನ' ಅಂತ ಚೀಟಿ ಅಂಟಿಸಿ ಕಳಿಸ್ತಾರೆ. ನಾನು ಯಾರ ಮನೇಗೂ ಕದಿಯೋಕೆ ಹೋಗಿಲ್ಲ."

ತೊಮೊಯೆ ಆ ಬಾಗಿಲಿನತ್ತ ನೋಡಿದಳು. ಎದುರಿಗಿದ್ದವನ ಮೇಲೆ ಉಗಿಯಬೇಕು ಅನ್ನಿಸಿತು. ಆದರೆ ಚೀಟಿ ಅಂಟಿಸಿದ ಕೈಗಳೆಲ್ಲ ಒಸಾಕಾದ ಟ್ರೈನಿನಲ್ಲಿ ದಿನಾ ಅವಳ ಪಕ್ಕದಲ್ಲಿ ಕೂರುವವರದ್ದೇ. ಉಗಿಯಲು ಒಂದು ಬಾಯಿ ಸಾಲದು.

"ಚಿಜು," ಗುರುಪಿತರು ಕೂಗಿದರು. "ನಿನ್ನ ಸಾವನ್ನ ವಿಚಾರಿಸೋಕೆ ಬಂದಿದ್ದಾರೆ. ಟೀ ತಗೊಂಡು ಬಾ."

ಬಹುಮಾನದ ಕೋಣೆಯಿಂದ ಒಬ್ಬಳು ಬಂದಳು. ಬಿಳಿ ಬಟ್ಟೆ, ಗಿಡ್ಡ ಕೂದಲು, ಕೈಯಲ್ಲಿ ತಟ್ಟೆ. ತೊಮೊಯೆ ಬ್ಯಾಗಿನಿಂದ ಫೋಟೊ ತೆಗೆಯಲು ಹೋದಳು.

"ಬೇಡ, ನಾನೇ," ಅಂದಳು ಚಿಜು, ಟೀ ಇಡುತ್ತಾ. "ಅಣ್ಣ ಜಾಡಿ ತೆಗೆದು ನೋಡಿದ್ನಾ?"

"ನೋಡಿದ್ರು."

"ಆ ಗುಂಡು?"

"ಅದನ್ನೂ."

"ಏನಂದ?"

"ತಂಗಿಗೆ ಆಪರೇಷನ್ ಆಗಿದ್ದಿರಬಹುದು ಅಂದ್ರು."

ಚಿಜು ನಕ್ಕಳು. ಅದನ್ನು ನಗು ಅನ್ನಬೇಕೋ ಬೇಡವೋ. "ಅದು ನಮ್ಮಮ್ಮನ ಸೊಂಟ. ಅಣ್ಣ ಆಗ ಟೋಕಿಯೊ ಪಕ್ಕದ ಕವಾಸಾಕಿಯಲ್ಲಿದ್ದ, ಅಮ್ಮ ಅವನ ಜೊತೆ. ಅಲ್ಲೇ ತೀರ್ಕೊಂಡ್ಲು, ಅಲ್ಲೇ ಸುಟ್ವಿ. ಆ ಗುಂಡು ಬಿಸಾಕ್ಬೇಡಿ, ಅಮ್ಮ ಅದರ ಮೇಲೆ ಹತ್ತು ವರ್ಷ ನಡೆದಿದ್ದಾಳೆ ಅಂತ ನಾನೇ ಹಠ ಮಾಡಿ ಜಾಡೀಲಿ ಹಾಕಿಸ್ದೆ. ದೇವಸ್ಥಾನದಲ್ಲಿ ಸಮಾಧಿ ಮಾಡಿಸ್ತೀನಿ ಅಂದ ಅಣ್ಣ. ಮಾಡ್ಸಿದೆ ಅಂತಾನೂ ಅಂದ. ನಾನು ಹೂವು ತಗೊಂಡು ಹೋದೆ. ಅಲ್ಲಿನ ಅರ್ಚಕರು 'ಯಾವ ನೀಮಿ?' ಅಂದ್ರು."

"ಪಾರ್ಸೆಲ್," ಅಂದಳು ತೊಮೊಯೆ.

"ಅಮ್ಮನ್ನ ಪಾರ್ಸೆಲ್ ಮಾಡಿದ್ದ. ಇಲ್ಲಿಗೆ. ವಾಪಸ್ ಕೊಡಿ ಅಂತ ಕೇಳೋಕೆ ಬಂದೆ. ಕಳಿಸಿದವನು ಬಂದು ಕೇಳಿದ್ರೆ ಮಾತ್ರ ಕೊಡ್ತೀವಿ ಅಂದ್ರು ಇವರು. ನಾನು ಇಲ್ಲೇ ಉಳ್ಕೊಂಡೆ. ಅಮ್ಮ ಇರೋ ಕೋಣೆ ಗುಡಿಸ್ಕೊಂಡು."

"ಬಹಳ ನಿಷ್ಠೆಯ ಮಗಳು," ಅಂದರು ಗುರುಪಿತರು.

"ಅಣ್ಣ ನನ್ನ ಹುಡುಕಿಸ್ತಿದ್ದಾನೆ ಅಂತ ಸುದ್ದಿ ಬಂದಾಗ ಇವರು, ಯಾರದಾದ್ರೂ ಒಂದು ಜಾಡಿ ಕಳಿಸಿ ನೀನು ಸತ್ತೆ ಅನ್ನಿಸಿಬಿಡು ಅಂದ್ರು. ನಾನು ಅಮ್ಮನ್ನೇ ಕಳಿಸ್ದೆ. ಗುರುತು ಹಿಡೀತಾನಾ ನೋಡೋಣ ಅಂತ."

ಗುರುತು ಹಿಡಿದಿದ್ದ. ಮುಚ್ಚಳ ಟಪ್ ಅಂದದ್ದು ತೊಮೊಯೆಗೆ ಈಗ ಕೇಳಿಸಿತು. ಒಳಗೆ ಕೂತವನು ಠಕ್ಕ, ಹೊರಗೆ ಕೂತವನು ಕಕ್ಷಿದಾರ. ಅಂತರ ಇಷ್ಟೇ.

"ಹೊರಡು ಚಿಜು," ಅಂದಳು. "ಕಾರಿದೆ. ಇಲ್ಲಿ ಯಾರೂ ತಡೆಯಲ್ಲ. ತಡೆದ್ರೆ ಪೊಲೀಸರಿಗೆ ನಾನೇ ಆ ಕೋಣೆ ತೋರಿಸ್ತೀನಿ."

"ಅಣ್ಣ ಬಂದಿದ್ದಾನಾ?"

"ಕಾರಲ್ಲಿದ್ದಾರೆ. ಅಮ್ಮನ ಜೊತೆ."

ಚಿಜು ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ಅವನೇ ಆ ಜಾಡೀನ ಹೊತ್ಕೊಂಡು ಈ ಬಾಗಿಲಿಗೆ ಬರ್ಲಿ. ಅಮ್ಮನ್ನ ನಾನೇ ಪಾರ್ಸೆಲ್ ಮಾಡ್ದೆ ಅಂತ ಬಾಯಿಬಿಟ್ಟು ಹೇಳ್ಲಿ. ಆಗ ಈ ಕ್ಷಣವೇ ಬರ್ತೀನಿ. ಇಲ್ಲಾಂದ್ರೆ ಅವನ ಮನೇಗಿಂತ ಈ ಹೊಲಸೇ ವಾಸಿ."

"ಬರಲ್ಲ ಮಗಳೇ," ಅಂದರು ಗುರುಪಿತರು, ಬಟ್ಟಲ ತಳದ ಅನ್ನ ಗೋರುತ್ತಾ. "ನಾನು ಮೂವತ್ತು ವರ್ಷ ಮನುಷ್ಯರ ಬೆನ್ನು ನೋಡಿದವನು. ಅಂಥವರು ಬರಲ್ಲ."

ತೊಮೊಯೆ ಎದ್ದು ಕಿಟಕಿ ತೆರೆದಳು. ಕಿರಿಚಿ ಕರೆಯಬೇಕು, ಕುತ್ತಿಗೆ ಪಟ್ಟಿ ಹಿಡಿದು ಎಳೆತಂದರೂ ಸರಿ ಅಂದುಕೊಂಡಳು.

ಪಾರ್ಕಿಂಗ್‌ನಲ್ಲಿ ಅವಳ ಪುಟ್ಟ ಹಳದಿ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಜಾಡಿ. ಅದಕ್ಕೆ ಸೀಟ್ ಬೆಲ್ಟ್ ಬೇರೆ ಹಾಕಿತ್ತು. ಹಿಂದಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಯಾರೂ ಇಲ್ಲ.

ಸಮುದ್ರದ ರಸ್ತೆಯಲ್ಲಿ ಬಸ್ಸೊಂದು ಹೊರಟಿತ್ತು. ಅದರ ಹಿಂದಿನ ಗಾಜಿನಲ್ಲಿ ತಾಕುಜಿಯ ನೀಲಿ ಟೋಪಿ.

ಚಿಜು ಅವಳ ಭುಜದ ಮೇಲಿಂದ ನೋಡಿದಳು.

"ಮತ್ತೆ ಬಿಟ್ಟು ಹೋದ," ಅಂದಳು.

ಅಷ್ಟೇ. ತಟ್ಟೆ ಕೆಳಗಿಟ್ಟು ನಡೆದಳು. ಬಾಗಿಲಲ್ಲಿ ಸಾಲಾಗಿ ಜೋಡಿಸಿದ ಚಪ್ಪಲಿಗಳ ಕಡೆ ತಿರುಗಿಯೂ ನೋಡದೆ, ಬರೀ ಕಾಲುಚೀಲದಲ್ಲಿ ಹೊಸಿಲು ದಾಟಿ ಟಾರಿನ ಮೇಲೆ ಇಳಿದಳು. ಮನೆಗೆ ಬೆಂಕಿ ಬಿದ್ದರೂ ಜಪಾನಿನ ಜನ ಚಪ್ಪಲಿ ಹುಡುಕಿ ಮೆಟ್ಟಿಕೊಂಡೇ ಓಡುವುದು. ತೊಮೊಯೆ ಎರಡು ಜೊತೆ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದಳು.

ಕಾರಿನ ಬಾಗಿಲು ತೆಗೆದು ಚಿಜು ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಳು. ಗುಂಡನ್ನು ಎತ್ತಿ ಬಟ್ಟೆಗೆ ಒರೆಸಿ ಕೆನ್ನೆಗೆ ಒತ್ತಿಕೊಂಡಳು. ಗಂಟಲ ಬುದ್ಧನನ್ನು ಅಂಗೈಯಲ್ಲಿ ಕೂರಿಸಿದಳು. ವರ್ಷಗಳಿಂದ ಜಾಡಿಯಲ್ಲಿದ್ದು ಹಳದಿಗಟ್ಟಿದ ಸಣ್ಣ ಮೂಳೆ.

"ಹೋಗೋಣಮ್ಮ," ಅಂದಳು. ತೊಮೊಯೆಗಲ್ಲ.

ತೊಮೊಯೆ ಉಸಿರು ಬಿಟ್ಟಳು. ಅಣ್ಣನಿಗಾಗಿ ಬರದವಳು ಅಮ್ಮನಿಗಾಗಿ ಬಂದಿದ್ದಳು. ಹೇಗೂ ಬಂದಳಲ್ಲ. ಕಾರಿನ ಕೀಲಿ ತೆಗೆದಳು.

"ಇದೇನು?"

ಚಿಜುವಿನ ಬೆರಳು ಜಾಡಿಯೊಳಗೆ ನಿಂತಿತ್ತು. ಮೂಳೆಗಳ ನಡುವಿನಿಂದ ಏನನ್ನೋ ಎಳೆದಳು. ಪಾರದರ್ಶಕ ಪ್ಲಾಸ್ಟಿಕ್, ಮೇಲೆ ಅಂಗಡಿಯ ಗುರುತು, ಅಂಚಿನಲ್ಲಿ ಒಣಗಿ ಅಂಟಿದ ಒಂದು ಅಗುಳು. ಅನ್ನದುಂಡೆ ಸುತ್ತುವ ಹಾಳೆ. ಬಿಡಿಸಿದಳು.

ಒಳಗೆ ಇನ್ನೊಬ್ಬ ಗಂಟಲ ಬುದ್ಧ ಕೂತಿದ್ದ. ಮೊದಲನೆಯದಕ್ಕಿಂತ ಚಿಕ್ಕದು. ಹಾಲಿನಷ್ಟು ಬೆಳ್ಳಗೆ, ಹೊಸದು.

"ಜಾಡಿ ನಾನೇ ಜೋಡಿಸಿದ್ದು," ಅಂದಳು ಚಿಜು ಮೆಲ್ಲಗೆ. "ಒಂದೇ ಇತ್ತು. ಅಮ್ಮನದ್ದು ಒಂದೇ."

ತೆರೆದ ಕಿಟಕಿಯಲ್ಲಿ ಗುರುಪಿತರು ಬಟ್ಟಲು ಹಿಡಿದು ನಿಂತಿದ್ದರು. ಅಗಿಯುತ್ತಿದ್ದ ಬಾಯಿ ನಿಂತಿತ್ತು. "ಅದು ನಮ್ಮದಲ್ಲ!" ಅಂತ ಕೂಗಿದರು. ಆ ದಿನ ಅವರು ಹೇಳಿದ ಮಾತುಗಳಲ್ಲಿ ತೊಮೊಯೆ ನಂಬಿದ್ದು ಅದೊಂದನ್ನೇ.

ಜಾಡಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದವನು ತಾಕುಜಿ. ಅನ್ನದುಂಡೆ ತಿನ್ನುವವನೂ ಅವನೇ. ಮೂಳೆ ಬಚ್ಚಿಡಲು ಮೂಳೆಯ ಜಾಡಿಗಿಂತ ಒಳ್ಳೆಯ ಜಾಗ ಯಾರಿಗೆ ಸಿಕ್ಕೀತು?

ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಚಿಜು," ತೊಮೊಯೆ ಕೇಳಿದಳು. "ನಿನ್ನ ಅತ್ತಿಗೆ ಸುಮಿಯೆ ತವರು ಎಲ್ಲಿ?"

"ಯಾಕೆ?"

"ಎಲೆ ಉದುರೋ ಕಾಲದಿಂದ ಅಲ್ಲೇ ಇದ್ದಾಳೆ ಅಂದ ನಿಮ್ಮಣ್ಣ."

ಚಿಜು ಅಂಗೈಯಲ್ಲಿದ್ದ ಬಿಳಿ ಮೂಳೆಯನ್ನು ನೋಡಿದಳು. ಆಮೇಲೆ ತೊಮೊಯೆಯನ್ನು.

"ಅತ್ತಿಗೆ ಅನಾಥಾಶ್ರಮದಲ್ಲಿ ಬೆಳೆದವಳು," ಅಂದಳು. "ಅವಳಿಗೆ ತವರೇ ಇಲ್ಲ."